ಹಳೆಯ ಟಿವಿಯ ಕೆಂಪು

ಹಳೆಯ ಟಿವಿ ಸತ್ತಿತು. ಸುಮ್ಮನೆ ಸಾಯಲಿಲ್ಲ ಮಹರಾಯ, ಭಾನುವಾರ ಮಧ್ಯಾಹ್ನ ಮದುವೆಯ ವಿಡಿಯೋ ಓಡುತ್ತಿದ್ದಾಗಲೇ ‘ಢಬ್’ ಎಂದು ಸದ್ದು ಮಾಡಿ, ಎದೆ ಝಲ್ಲೆನ್ನಿಸಿ, ಮನೆ ತುಂಬ ಸುಟ್ಟ ವಾಸನೆ ಬಿಟ್ಟು ಸತ್ತಿತು. ಬಣ್ಣದ ಮೇಷ್ಟ್ರ ಹೆಂಡತಿ ಅದರ ಮುಂದೆ ಕೂತು ಅತ್ತ ಪರಿ ಕೇಳಿ, ಯಾರೋ ಹೋಗಿಬಿಟ್ಟರು ಅಂತಲೇ ಪಕ್ಕದ ಮನೆಯವರು ಓಡಿಬಂದಿದ್ದರು. ನಗುವವರು ನಗಲಿ. ಆಕೆಗೆ ಮಗಳು ಅಂತ ಉಳಿದಿದ್ದದ್ದು ಆ ಪೆಟ್ಟಿಗೆಯೊಳಗೆ ಮಾತ್ರ.

ಬಣ್ಣದ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಅವರದು ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸುವ ಕೆಲಸ. ಗಿರಾಕಿ ಗೋಡೆಯಿಂದ ಕಿತ್ತು ತಂದ ಚಕ್ಕೆಯನ್ನು ಬಾಗಿಲ ಬೆಳಕಿಗೆ ಹಿಡಿದು, “ಇದು ಬಿಳಿಯಲ್ಲ ಸ್ವಾಮಿ, ಇದರಲ್ಲಿ ಚೂರು ಹಸಿರಿದೆ” ಅಂದರೆ ಮುಗಿಯಿತು, ಅದರ ಮೇಲೆ ಮಾತಿಲ್ಲ. ಅವರು ಬೆರೆಸಿ ಕೊಟ್ಟ ಮೇಲೆ ಹಳೆಯ ಗೋಡೆ ಯಾವುದು, ತೇಪೆ ಯಾವುದು ಎಂದು ಹುಡುಕಿದರೂ ಸಿಗುತ್ತಿರಲಿಲ್ಲ. ಅಂಗಡಿಗೆ ಬಣ್ಣ ಬೆರೆಸುವ ಯಂತ್ರ ಬಂದ ಮೇಲೂ ಮಾಲೀಕರು ಮೇಷ್ಟ್ರಿಗೆ ತೋರಿಸದೆ ಒಂದು ಡಬ್ಬವನ್ನೂ ಮುಚ್ಚುತ್ತಿರಲಿಲ್ಲ. ತಮ್ಮ ಕಣ್ಣಿನ ಬಗ್ಗೆ ಮೇಷ್ಟ್ರಿಗೆ ಕೊಂಚ ಜಂಬವಿತ್ತು. ಇರಲಿ ಬಿಡಿ, ಜಂಬ ಪಡಲು ಆ ಮನುಷ್ಯನಿಗೆ ಬೇರೆ ಏನಿತ್ತು ಪಾಪ.

ಒಬ್ಬಳೇ ಮಗಳು. ಮದುವೆಯಾಗಿ ಎರಡೇ ತಿಂಗಳಿಗೆ ಕಾಮಾಲೆ ಉಲ್ಬಣಿಸಿ ತೀರಿಕೊಂಡಳು. “ಲಿವರ್ ಪೂರ್ತಿ ಹೋಗಿದೆ, ಕರೆತರೋದು ತೀರಾ ತಡವಾಯ್ತು” ಎಂದರು ಡಾಕ್ಟರು. ಆಸ್ಪತ್ರೆಯ ವರಾಂಡದಲ್ಲಿ ಮೇಷ್ಟ್ರು ಅಳಿಯನ ಕೊರಳಪಟ್ಟಿ ಹಿಡಿದು, “ನಿಮ್ಮನೇಲಿ ಒಬ್ಬರಿಗೂ ಕಣ್ಣಿರಲಿಲ್ವೇನಯ್ಯಾ? ಹೂವಿನಂಥ ಮಗಳನ್ನ ಕೊಟ್ಟಿದ್ದೆನಲ್ಲೋ!” ಎಂದು ಕೂಗಾಡಿದ್ದರು. ಅಳಿಯ ತಲೆ ತಗ್ಗಿಸಿ ನಿಂತಿದ್ದ. ಆಮೇಲೆ ಒಮ್ಮೆ ಮನೆಗೆ ಬಂದವನ ಮುಖಕ್ಕೆ ಅತ್ತೆ ಬಾಗಿಲು ಬಡಿದರು. ಅವನು ಮಾತ್ರ ಪ್ರತಿವರ್ಷ ಅವಳು ಹೋದ ದಿನ ತಪ್ಪದೆ ಫೋನ್ ಮಾಡುತ್ತಿದ್ದ. ಮೇಷ್ಟ್ರು ಎತ್ತುತ್ತಿರಲಿಲ್ಲ.

ಭಾನುವಾರ ಊಟವಾದ ಮೇಲೆ ಗಂಡ ಹೆಂಡತಿ ಮದುವೆಯ ವಿಡಿಯೋ ಹಾಕಿಕೊಂಡು ಕೂರುತ್ತಿದ್ದರು. ಆ ಹಳೆಯ ಟಿವಿಯ ಟ್ಯೂಬಿಗೆ ಮೊದಲಿನಿಂದಲೂ ಕೆಂಪು ಜಾಸ್ತಿ. ಗೋಡೆ, ಬಟ್ಟೆ, ಮುಖ ಎಲ್ಲದರ ಮೇಲೂ ಕೆಂಪು. ಮಗಳ ಕೆನ್ನೆಯಂತೂ ಆಗತಾನೇ ಎಲ್ಲಿಂದಲೋ ಓಡಿ ಬಂದವಳ ಹಾಗೆ ರಂಗಾಗಿ ಕಾಣುತ್ತಿತ್ತು. “ನೋಡಿ, ಹೇಗೆ ಕಳೆಕಳೆಯಾಗಿದ್ಲು! ಇಂಥವಳನ್ನ ಎರಡೇ ತಿಂಗಳಲ್ಲಿ ಮುಗಿಸಿಬಿಟ್ರಲ್ಲ ಪಾಪಿಗಳು,” ಎಂದು ಆಕೆ ಶುರು ಮಾಡಿದರೆ, ತೆರೆಯ ಮೇಲಿನ ಅಳಿಯನಿಗೆ ಒಂದು ಸುತ್ತು ಬೈಗುಳ ಆಗಲೇಬೇಕು. “ಹಲ್ಲು ಕಿರೀತಾನೆ ನೋಡಿ, ಹಲ್ಲು!” ಮೇಷ್ಟ್ರು ಹೂಂಗುಟ್ಟುತ್ತಿದ್ದರು. ಬೈದು ಸುಸ್ತಾದ ಮೇಲೆ ಇಬ್ಬರಿಗೂ ಒಂದಿಷ್ಟು ನಿದ್ದೆ ಬರುತ್ತಿತ್ತು.

ಹೊಸ ಟಿವಿ ತಂದವನು ಮೇಷ್ಟ್ರ ಬಾಮೈದ. ಬಾಯಿ ಬಡುಕ, ಆದರೆ ಅಕ್ಕ ಅಂದರೆ ಪ್ರಾಣ. ವಿಡಿಯೋ ಕ್ಯಾಸೆಟ್ಟನ್ನು ಸಿ.ಡಿ.ಗೆ ಹಾಕಿಸಿ, ಅದನ್ನು ಆಡಿಸುವ ಯಂತ್ರವನ್ನೂ ಹೊತ್ತು ತಂದಿದ್ದ. “ಇದು ಪ್ಲಾಸ್ಮಾ ಭಾವ, ಪ್ಲಾಸ್ಮಾ! ಇದರಲ್ಲಿ ಸೊಳ್ಳೆ ಕೂತ್ರೂ ಗಂಡೋ ಹೆಣ್ಣೋ ಹೇಳಬಹುದು,” ಎಂದು ಗೋಡೆಯ ತುಂಬ ಅದನ್ನು ನಿಲ್ಲಿಸಿ, ತಂತಿ ಸಿಕ್ಕಿಸಿ, ಕಾಫಿ ಕುಡಿದು ಹೊರಟುಹೋದ. ಗಂಡ ಹೆಂಡತಿ ವಿಡಿಯೋ ಹಾಕಿ ನೋಡಿದರೆ, ಟಿವಿ ಅಂಗಡಿಯಲ್ಲಿ ಗಿರಾಕಿಯ ಕಣ್ಣು ಕುಕ್ಕಲು ಇಟ್ಟ ಬಣ್ಣ ಹಾಗೇ ಇತ್ತು. ಮದುವೆ ಮನೆಯ ಪರದೆಗಳು ಉರಿಯುತ್ತಿದ್ದವು, ಮಗಳ ಮುಖ ಸುಣ್ಣ ಬಳಿದ ಗೊಂಬೆಯಾಗಿತ್ತು.

“ಅಯ್ಯೋ, ಯಾರ್ರೀ ಇವಳು? ಇವಳು ನನ್ನ ಮಗಳಲ್ಲ,” ಎಂದು ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

“ತಾಳೇ, ತಾಳು. ಬಣ್ಣ ತಾನೇ? ಬಣ್ಣ ನನಗೆ ಬಿಡು. ನೀನು ಪಾತ್ರೆ ತೊಳೆದು ಬರೋ ಹೊತ್ತಿಗೆ ನಿನ್ನ ಮಗಳು ಇಲ್ಲಿರ್ತಾಳೆ,” ಎಂದರು ಮೇಷ್ಟ್ರು.

ಆಕೆ ಅಡುಗೆಮನೆಗೆ ಹೋದರು. ಮೇಷ್ಟ್ರು ಕನ್ನಡಕ ಒರೆಸಿ ರಿಮೋಟ್ ಹಿಡಿದು ಕೂತರು. ಗುಂಡಿ ಒತ್ತಿದರೆ ತೆರೆಯ ಅಂಚಿನಲ್ಲಿ ಸಾಲಾಗಿ ಬಂದವು: ಬ್ರೈಟ್‌ನೆಸ್, ಕಾಂಟ್ರಾಸ್ಟ್, ಕಲರ್, ಛಾಯೆ ಬದಲಿಸುವ ಟಿಂಟ್. ಪ್ರತಿಯೊಂದಕ್ಕೂ ಪುಟ್ಟ ಪುಟ್ಟ ಗೀಟುಗಳ ಸಾಲು, ಒತ್ತಿದಷ್ಟೂ ಏರುತ್ತವೆ, ಇಳಿಯುತ್ತವೆ. ಅಂಗಡಿಗೆ ಹೊಸಬರು ಸೇರಿದಾಗ ಮೇಷ್ಟ್ರು ಹೇಳುತ್ತಿದ್ದದ್ದು ಒಂದೇ ಮಾತು: ಮೊದಲು ಬಿಳಿ ಹಿಡೀರಿ, ಮಿಕ್ಕದ್ದು ತಾನೇ ಬರುತ್ತೆ. ಇಲ್ಲೂ ಹಾಗೇ ಮಾಡಿದರು. ಕಾಂಟ್ರಾಸ್ಟ್ ಇಳಿಸಿ ಪರದೆಗಳ ಉರಿ ತಣ್ಣಗೆ ಮಾಡಿದರು. ಬ್ರೈಟ್‌ನೆಸ್ಸನ್ನು, ಮದುಮಗನ ಕಪ್ಪು ಕೋಟಿನ ಮಡಿಕೆಗಳು ಕಾಣುವಷ್ಟಕ್ಕೆ ತಂದು ನಿಲ್ಲಿಸಿದರು. ಊಟದ ಮೇಜಿನ ಬಟ್ಟೆ, ಅಳಿಯನ ಅಂಗಿ, ಬಡಿಸುವವರ ಟೋಪಿ, ಎಲ್ಲ ಬಿಳಿಗಳನ್ನೂ ಒಂದೊಂದಾಗಿ ನಿಲ್ಲಿಸಿ ನೋಡಿ, ಚೂರು ನೀಲಿ ತೆಗೆದು, ಚೂರು ಹಳದಿ ತೆಗೆದು, ಕೊನೆಗೆ “ಬಂತು ನೋಡು!” ಎಂದು ತೊಡೆ ತಟ್ಟಿಕೊಂಡರು. ಬಿಳಿ ಅಂದರೆ ಅಪ್ಪಟ ಬಿಳಿ.

ಆಮೇಲೆ ಮಗಳ ಮುಖ ಬಂತು.

ಮಗಳು ತನ್ನ ಚಿಕ್ಕಮ್ಮನ ಮಗಳ ಕೆನ್ನೆಗೆ ಕೆನ್ನೆ ತಾಗಿಸಿ ಕ್ಯಾಮೆರಾ ಕಡೆ ನೋಡಿ ನಗುತ್ತಿದ್ದಳು. ಮೇಷ್ಟ್ರು ಅಲ್ಲೇ ನಿಲ್ಲಿಸಿದರು. ಮಗಳ ಕಣ್ಣಿನ ಬಿಳಿ ಬಿಳಿಯಿರಲಿಲ್ಲ. ಎಲ್ಲೋ ಎಡವಟ್ಟಾಗಿದೆ ಎಂದು ಟಿವಿಯನ್ನೇ ಬೈದುಕೊಂಡು ಮತ್ತೆ ಗೀಟುಗಳನ್ನು ಏರಿಸಿದರು, ಇಳಿಸಿದರು. ಮಗಳ ಕಣ್ಣನ್ನು ಬಿಳಿ ಮಾಡಿದರೆ ಪಕ್ಕದವಳ ಕಣ್ಣು ನೀಲಿಯಾಗುತ್ತಿತ್ತು, ಮೇಜಿನ ಬಟ್ಟೆ ನೀಲಿಯಾಗುತ್ತಿತ್ತು. ಪಕ್ಕದವಳದು ಸರಿಯಾದರೆ ಮಗಳದು ಹಳದಿ. ಒಂದೇ ದೀಪ, ಒಂದೇ ಕ್ಯಾಮೆರಾ, ಕೆನ್ನೆಗೆ ಕೆನ್ನೆ. ಯಾರನ್ನು ಕೇಳಬೇಕು? ಮೂವತ್ತು ವರ್ಷ ಮಾಡಿದ ಕೆಲಸ ಇದೇ ಅಲ್ಲವೇ. ಹಳದಿ ಹಳದಿಯೇ.

ಅಂದರೆ ಅವಳು ಈ ಮನೆಯಿಂದ ಹೊರಡುವಾಗಲೇ ಕಾಮಾಲೆ ಇತ್ತು. ಅದಕ್ಕೂ ಎಷ್ಟು ದಿನ ಮುಂಚಿನಿಂದ ಇತ್ತೋ. ಊಟ ಸೇರುತ್ತಿಲ್ಲ ಅಂದಾಗ, ‘ಮದುವೆ ಅಂದ್ರೆ ಹಾಗೇ ಕಣಮ್ಮ’ ಎಂದು ನಕ್ಕವರು ತಾವೇ. ಅವಳ ಮುಖವನ್ನು ಆ ದಿನಗಳಲ್ಲಿ ತಾವು ನೆಟ್ಟಗೆ ನೋಡಿದ್ದಾದರೂ ಯಾವಾಗ? ಊರವರ ಗೋಡೆಯಲ್ಲಿ ಚೂರು ಹಸಿರು ಹುಡುಕಿದ ಕಣ್ಣು, ಮನೆಯೊಳಗೆ ಓಡಾಡುವ ಮಗಳ ಕಣ್ಣು ನೋಡಲಿಲ್ಲ.

ಅಡುಗೆಮನೆಯಲ್ಲಿ ನಲ್ಲಿ ನಿಂತಿತು. “ಆಯ್ತೇನ್ರೀ?”

ಮೇಷ್ಟ್ರು ಗಡಬಡಿಸಿ ಟಿಂಟಿನ ಗೀಟುಗಳನ್ನು ಕೆಂಪಿನ ಕಡೆಗೆ ಒತ್ತಿದರು, ಒತ್ತುತ್ತಲೇ ಹೋದರು. ಗೋಡೆ ಕೆಂಪಾಯಿತು, ಅಂಗಿ ಕೆಂಪಾಯಿತು, ಮಗಳ ಕೆನ್ನೆಗೆ ರಂಗು ಬಂತು. ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ನಿಂತರು. “ಹಾಂ! ಈಗ ನೋಡಿ. ಇವಳು ನನ್ನ ಮಗಳು,” ಎಂದು ಅಲ್ಲೇ ಚಾಪೆಯ ಮೇಲೆ ಕೂತುಬಿಟ್ಟರು.

ಮೇಷ್ಟ್ರಿಗೆ ಅಲ್ಲಿ ಕೂರಲಾಗಲಿಲ್ಲ. ಗಾಳಿಗೆ ಹೋಗಿ ಬರುತ್ತೇನೆಂದು ಮಹಡಿ ಹತ್ತಿ, ಬಟ್ಟೆ ಒಣಗುವ ಹಗ್ಗಗಳ ನಡುವೆ ನಿಂತು ಅಳಿಯನಿಗೆ ಫೋನ್ ಮಾಡಿದರು.

“ಮಾವಾ?” ಆ ಕಡೆಯ ದನಿಯಲ್ಲಿ ಗಾಬರಿ. “ಏನಾಯ್ತು? ಅತ್ತೆ ಹುಷಾರಾಗಿದ್ದಾರೆ ತಾನೇ?”

“ಹುಷಾರಾಗಿದ್ದಾಳಪ್ಪ. ಹೊಸ ಟಿವಿ ತಂದ್ವಿ. ಮದುವೆ ವಿಡಿಯೋ ಹಾಕಿದ್ದೆ.” ಮೇಷ್ಟ್ರು ಮೆಟ್ಟಿಲ ಕಡೆ ತಿರುಗಿ ನೋಡಿ ದನಿ ತಗ್ಗಿಸಿದರು. “ಅವಳ ಕಣ್ಣು ಅವತ್ತೇ ಹಳದಿ ಇತ್ತು. ನಮ್ಮನೇಲಿದ್ದಾಗಲೇ ಇತ್ತು. ನಿಮ್ಮ ತಪ್ಪೇನೂ ಇಲ್ಲ. ನಾನು ಆಡಬಾರದ್ದೆಲ್ಲ ಆಡಿಬಿಟ್ಟೆ.”

ಅಳಿಯ ಹೇಳಿದ: “ನನಗೆ ಗೊತ್ತಿತ್ತು ಮಾವ.”

“ಏನು ಗೊತ್ತಿತ್ತು?”

“ಅವಳು ಹೋದ ಮೇಲೆ ನಾನೂ ಆ ವಿಡಿಯೋ ಹಾಕ್ಕೊಂಡು ನೋಡ್ದೆ. ನಮ್ಮ ಟಿವಿ ಸರಿಯಾಗಿತ್ತು.”

“ಗೊತ್ತಿದ್ದೂ ಇಷ್ಟು ವರ್ಷ ನಮ್ಮ ಹತ್ರ ಉಗಿಸಿಕೊಂಡ್ರಾ? ಒಂದು ಮಾತು ಹೇಳಬಾರದಿತ್ತಾ?”

“ಹೇಳೋಣ ಅಂತಾನೇ ಅವತ್ತು ಮನೆಗೆ ಬಂದಿದ್ದೆ. ಅತ್ತೆ ಮುಖ ನೋಡಿ ಬಾಯಿ ಬರಲಿಲ್ಲ. ಬೈಯೋಕೆ ನಿಮಗೆ ನಾನಾದ್ರೂ ಇದ್ದೆ ಮಾವ. ನಾನೂ ಇಲ್ಲ ಅಂದ್ರೆ ನಿಮ್ಮನ್ನ ನೀವೇ ಬೈಕೋಬೇಕಾಗ್ತಿತ್ತು. ಮತ್ತೆ ಅವಳು ಎರಡು ತಿಂಗಳು ನನ್ನ ಎದುರಿಗೇ ಇದ್ಲಲ್ಲ, ನಾನೂ ನೋಡ್ಲಿಲ್ಲ. ಇವತ್ತು ಟಿವೀಲಿ ಅದನ್ನ ಅತ್ತೆ ನೋಡಿದ್ರಾ?”

“ಇಲ್ಲ. ಕೆಂಪು ಜಾಸ್ತಿ ಮಾಡಿಟ್ಟು ಬಂದೆ.”

“ಹಾಗೇ ಇರ್ಲಿ ಬಿಡಿ. ಬೈಕೊಳ್ಳಲಿ ಪಾಪ. ನನಗೆ ಅಭ್ಯಾಸ ಆಗಿದೆ.”

ಮೇಷ್ಟ್ರು ಫೋನ್ ಇಟ್ಟು ಹಗ್ಗ ಹಿಡಿದುಕೊಂಡು ನಿಂತರು. ಇಳಿದು ಬಂದಾಗ ವಿಡಿಯೋದಲ್ಲಿ ಮದುಮಕ್ಕಳು ಕೈ ಕೈ ಹಿಡಿದು ಕಾರಿನ ಕಡೆ ನಡೆಯುತ್ತಿದ್ದರು. “ಹೋಗ್ತಾನೆ ನೋಡಿ ಕರ್ಕೊಂಡು, ಕಟುಕ! ಹಾಳಾಗಿ ಹೋಗ್ಲಿ ಇವನ ವಂಶ,” ಎಂದು ಹೆಂಡತಿ ಎಂದಿನಂತೆ ಲಟಿಕೆ ಮುರಿದರು.

“ಅವನನ್ನ ಬೈಬೇಡ ಕಣೇ,” ಎಂದರು ಮೇಷ್ಟ್ರು. ಅವರ ಕಣ್ಣಲ್ಲಿ ನೀರು ಬಂತು.

ಆಕೆ ಬೆಕ್ಕಸಬೆರಗಾಗಿ ತಿರುಗಿ ನೋಡಿದರು. ಗಂಡನನ್ನು ನೋಡಿದರು, ಟಿವಿಯನ್ನು ನೋಡಿದರು. “ಯಾಕ್ರೀ? ಬಣ್ಣ ಸರಿ ಬಂದಿಲ್ವಾ? ಕೆಂಪು ಜಾಸ್ತಿ ಆಯ್ತಾ?”

“ಹೂಂ ಕಣೇ, ಜಾಸ್ತಿ ಆಗಿದೆ.”

ಮೇಷ್ಟ್ರು, ಮಗಳೂ ಚಿಕ್ಕಮ್ಮನ ಮಗಳೂ ಕೆನ್ನೆಗೆ ಕೆನ್ನೆ ತಾಗಿಸಿದ ಜಾಗಕ್ಕೆ ವಿಡಿಯೋವನ್ನು ತಿರುಗಿಸಿ ನಿಲ್ಲಿಸಿದರು. ಹೆಂಡತಿಯ ಪಕ್ಕ ಚಾಪೆಯ ಮೇಲೆ ಕೂತು, ಆಕೆಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಒಂದೊಂದೇ ಗೀಟು ಕೆಂಪನ್ನು ಇಳಿಸತೊಡಗಿದರು.