ಇನ್ನೊಬ್ಬರ ತಾಯಿ

"ಇನ್ನೊಮ್ಮೆ ಓದ್ತೀನಿ, ಕೇಳಿ," ಎಂದು ಇಂಗ್ಲಿಷ್ ಕಲಿಸುವ ಸಿಹೆಮ್ ಉತ್ತರಪತ್ರಿಕೆಯನ್ನು ಕಣ್ಣಿನ ಹತ್ತಿರಕ್ಕೆ ತಂದಳು. ಇಂಗ್ಲಿಷಿನಲ್ಲಿ ಓದಿ, ಆಮೇಲೆ ಎಲ್ಲರಿಗೂ ಮುಟ್ಟಲೆಂದು ಅರಬ್ಬಿಯಲ್ಲಿ ಹೇಳಿದಳು: "‘ನನ್ನ ತಾಯಿ ಬೇರೆ ಹೆಣ್ಣುಮಕ್ಕಳ ಮದುವೆಯ ನಿಲುವಂಗಿಗಳಿಗೆ ಚಿನ್ನದ ದಾರ ಹೊಲಿದಳು, ತನ್ಮೂಲಕ ತನ್ನ ಕಣ್ಣು ಕಳೆದುಕೊಂಡಳು.’ ದೇರ್‌ಬೈ ಅನ್ನೋ ಒಣ ಪದ ಕೊಟ್ಟು ವಾಕ್ಯ ಮಾಡಿ ಅಂದರೆ ನೀವೆಲ್ಲ ಏನು ಬರೆದಿರಿ? ಬೆಲೆ ಏರಿತು, ತನ್ಮೂಲಕ ಬೇಡಿಕೆ ಇಳೀತು! ಇಲ್ಲಿ ನೋಡಿ, ಪ್ರೊಫೆಸರ್ ಬೂಶಾರೆಬ್ ಆ ಪದದೊಳಗೆ ಒಂದು ಜೀವಾನೇ ಇಟ್ಟಿದ್ದಾರೆ."

ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಇನ್ನೂ ನಾಲ್ಕಾರು ಕೈಗಳು ಸೇರಿಕೊಂಡವು. ಲಖ್ದರ್ ಬೂಶಾರೆಬ್ ಮೇಜಿನ ಮೇಲಿದ್ದ ತನ್ನ ಬೆರಳುಗಳನ್ನೇ ನೋಡುತ್ತ ಕುಳಿತ. ತಾನು ಏನು ಬರೆದಿದ್ದೇನೆಂದು ಅವನಿಗೆ ತಿಳಿದದ್ದೇ ಈಗ.

ಹೋದ ಶನಿವಾರದ ಪರೀಕ್ಷೆಯಲ್ಲಿ ಆ ಒಂದು ಪದ ಕೈಕೊಟ್ಟಿತ್ತು. ಕ್ಲಾಸಿನಲ್ಲಿ ಕೇಳಿದ ಪದವೇ. ಗಡ್ಡ ಹೆರೆಯುವಾಗ ಕನ್ನಡಿಯ ಮುಂದೆ ಹೇಳಿಕೊಂಡ ಪದವೇ. ಕಾಗದದ ಮುಂದೆ ಕೂತಾಗ ಮಾತ್ರ ತಲೆ ಬರಿದಾಯಿತು. "ಪತ್ರಿಕೆ ಕೊಡಿ, ಹೊತ್ತಾಯ್ತು," ಎಂದು ಸಿಹೆಮ್ ಹೇಳುತ್ತಿದ್ದಂತೆ ಕಣ್ಣು ಎಡಕ್ಕೆ ಹೋಯಿತು. ಅಲ್ಲಿ ವಾಸಿಲಾ, ಅವನ ಮಾರ್ಗದರ್ಶನದಲ್ಲೇ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ, ಬರೆದು ಮುಗಿಸಿ ಪೆನ್ನಿನ ಮುಚ್ಚಳ ಹಾಕುತ್ತಿದ್ದಳು. ದುಂಡಗಿನ, ಬಿಡಿಬಿಡಿಯಾದ ಅಕ್ಷರ. ಅರ್ಥದ ಗೊಡವೆಗೆ ಹೋಗದೆ, ಗೋಡೆಗೆ ಸುಣ್ಣ ಬಳಿದಂತೆ ಅವನು ಅದನ್ನು ತನ್ನ ಕಾಗದಕ್ಕೆ ಬಳಿದುಕೊಂಡಿದ್ದ.

ಕಾನ್‌ಸ್ಟಂಟೀನ್ ಊರಿನ ಯಾವ ಗುಡ್ಡ ಯಾವ ಚಳಿಗಾಲದಲ್ಲಿ ಜಾರುತ್ತದೆಂದು ಕೇಳಲು ಜನ ಅವನ ಬಳಿಗೇ ಬರುತ್ತಿದ್ದರು. ಮಣ್ಣಿನ ಶಾಸ್ತ್ರವನ್ನು ಫ್ರೆಂಚಿನಲ್ಲಿ ಪಾಠ ಮಾಡಿ ಮಾಡಿ ಅವನ ಕೂದಲು ನರೆತಿತ್ತು; ಆ ಭಾಷೆಯಲ್ಲಿ ಅವನು ಒಂದು ತಮಾಷೆ ಹೇಳಿದರೆ ಇಡೀ ಸಭಾಂಗಣ ನಗುತ್ತಿತ್ತು. ಇನ್ನು ಮುಂದೆ ಪಾಠವೆಲ್ಲ ಇಂಗ್ಲಿಷಿನಲ್ಲಿ ಎಂದು ಮೇಲಿನಿಂದ ಆದೇಶ ಬಂದಮೇಲೆ, ಶನಿವಾರ ಬೆಳಿಗ್ಗೆ ತನ್ನದೇ ವಿದ್ಯಾರ್ಥಿಗಳ ಪಕ್ಕ, ಮಗಳಿಗಿಂತ ಚಿಕ್ಕವಳಾದ ಸಿಹೆಮ್‌ಳ ಮುಂದೆ ಕೂರಬೇಕಾಯಿತು. ಮೊದಲ ವಾರಗಳಲ್ಲಿ ಧೈರ್ಯವಾಗಿ ಬಾಯಿ ತೆರೆಯುತ್ತಿದ್ದ. ಒಂದು ದಿನ, "ನಮ್ಮ ವಿಭಾಗದ ಹಿಂದಿನ ಗುಡ್ಡ ಇವೆಂಚುಯಲಿ ಕುಸಿಯುತ್ತದೆ," ಎಂದ. ಫ್ರೆಂಚಿನ ಅಂಥದೇ ಪದಕ್ಕೆ ‘ಒಂದು ವೇಳೆ’ ಎಂಬ ಅರ್ಥ. ಇಂಗ್ಲಿಷಿನಲ್ಲಿ ‘ಕೊನೆಗೆ ಆಗಿಯೇ ಆಗುತ್ತದೆ’ ಎಂದು. "ಈಗ್ಲೇ ಓಡೋಣವಾ ಸರ್?" ಎಂದು ಒಬ್ಬ ಹುಡುಗ ಕೇಳಿದ. ಎಲ್ಲರ ಜೊತೆ ತಾನೂ ನಕ್ಕ ಲಖ್ದರ್, ಅಂದಿನಿಂದ ಕ್ಲಾಸಿನಲ್ಲಿ ತುಟಿ ಬಿಚ್ಚಿರಲಿಲ್ಲ.

ಬಲಗಡೆ ಕೂತಿದ್ದ ರಸಾಯನಶಾಸ್ತ್ರದ ತಾಹರ್ ಬಾಲ್ಯದಿಂದಲೂ ಒಂದೇ ಬೀದಿಯವನು. ಅವನು ಕಿವಿಯ ಬಳಿ ಬಗ್ಗಿದ. "ಏನಯ್ಯಾ, ನಿಮ್ಮಮ್ಮ ಯಾವಾಗ ಕಸೂತಿ ಹಾಕಿದ್ರು? ನಿಮ್ಮನೇಲಿ ಗುಂಡಿ ಹೊಲಿಯೋಕೂ ಆಳಿತ್ತು. ಕಣ್ಣು ಬೇರೆ ಹೋಯ್ತಂತೆ! ಸಾಯೋ ವರ್ಷಾನೂ ಬಾಲ್ಕನೀಲಿ ನಿಂತು ನನ್ನ ಬೂಟಿಗೆ ಪಾಲಿಶ್ ಆಗಿಲ್ಲ ಅಂತ ಬೈದಿದ್ರಲ್ಲೋ."

"ಅದು... ಮದುವೆಗೆ ಮುಂಚೆ," ಎಂದ ಲಖ್ದರ್.

"ಓಹೋ," ಎಂದು ತಾಹರ್ ಹಿಂದಕ್ಕೆ ಒರಗಿದ.

ಸಿಹೆಮ್‌ಳ ದನಿ ಬದಲಾಗಿತ್ತು. "ಇನ್ನೊಂದು ಮಾತಿದೆ. ಇದೇ ವಾಕ್ಯ, ಒಂದಕ್ಷರ ಹೆಚ್ಚುಕಮ್ಮಿ ಇಲ್ಲದೆ, ಇನ್ನೊಂದು ಪತ್ರಿಕೇಲೂ ಇದೆ. ವಾಸಿಲಾ, ಎದ್ದೇಳು."

ವಾಸಿಲಾ ಎದ್ದಳು.

"ಸರ್ ಪತ್ರಿಕೆ ನೋಡಿ ಬರೆದೆಯಾ?"

ಹುಡುಗಿ ತಿರುಗಿ ಲಖ್ದರನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಹಿಂದೆ ಬರುವವರಿಗಾಗಿ ಬಾಗಿಲು ಹಿಡಿದು ನಿಂತವರ ಹಾಗೆ ಕಾಯುತ್ತಿದ್ದಳು, ಅಷ್ಟೆ. ಅವನು ಮತ್ತೆ ತನ್ನ ಬೆರಳುಗಳನ್ನೇ ನೋಡತೊಡಗಿದ. ಅವಳು ಮುಖ ತಿರುಗಿಸಿಕೊಂಡು, "ನೋಡಿ ಬರೆದೆ, ಮೇಡಂ," ಎಂದಳು.

"ಛೆ! ಪದ ಕದಿಯೋರನ್ನ ನೋಡಿದ್ದೆ. ಇನ್ನೊಬ್ಬರ ತಾಯೀನೂ ಬಿಡಲ್ವಲ್ಲ ನೀವು," ಎಂದಳು ಸಿಹೆಮ್. ಸೊನ್ನೆ, ಈ ವರ್ಷ ಇಂಗ್ಲಿಷಿನ ಪ್ರಮಾಣಪತ್ರವಿಲ್ಲ. ಪ್ರಮಾಣಪತ್ರವಿಲ್ಲದೆ ವಾಸಿಲಾ ಪ್ರಬಂಧ ಸಲ್ಲಿಸುವ ಹಾಗಿಲ್ಲವೆಂದು ಆ ಕೋಣೆಯಲ್ಲಿ ಲಖ್ದರನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

ಕ್ಲಾಸು ಬಿಟ್ಟಮೇಲೆ ಅವನು ಏದುಸಿರು ಬಿಡುತ್ತ ಮೆಟ್ಟಿಲಲ್ಲಿ ಅವಳನ್ನು ಹಿಡಿದ. "ಯಾಕಮ್ಮ ಹಾಗಂದೆ?"

"ಇನ್ನೇನನ್ನಲಿ ಸರ್? ನೀವು ಕೂತೇ ಇದ್ರಿ."

"ನನ್ನ ಮೇಲಿನ ಗೌರವಕ್ಕೆ ನೀನು ಇಷ್ಟು..."

"ಗೌರವ ಅಲ್ಲ ಸರ್." ಅವಳು ಚೀಲವನ್ನು ಹೆಗಲಿಗೇರಿಸಿದಳು. "ಈ ಪರೀಕ್ಷೆ ಮುಂದಿನ ವರ್ಷ ಬರೀಬಹುದು. ನೀವು ಮುನಿಸ್ಕೊಂಡ್ರೆ ನನ್ನ ಪ್ರಬಂಧ ನಿಮ್ಮ ಬೀರೂನಲ್ಲಿ ಧೂಳು ತಿನ್ನುತ್ತೆ. ತಿಂತಾ ಇರೋವು ಅಲ್ಲಿ ಇವೆಯಲ್ಲ, ನಾನೇ ನೋಡಿದೀನಿ."

ಅವಳು ಎರಡು ಮೆಟ್ಟಿಲಿಳಿದು ನಿಂತಳು. "ನಮ್ಮಮ್ಮನ ಹೆಸರು ಖದ್ದೂಜಾ. ಯಾರಾದ್ರೂ ನಿಮ್ಮಮ್ಮನ ಹೆಸರೇನು ಅಂತ ಕೇಳಿದ್ರೆ ಬೇಕಾಗುತ್ತೆ."

ಆ ವಾರ ಅವನಿಗೆ ಊಟ ರುಚಿಸಲಿಲ್ಲ. ತಾಹರನ ಹೆಂಡತಿಯಿಂದ ಸುದ್ದಿ ಹೇಗೋ ಮನೆಗೂ ಬಂದಿತ್ತು. "ಅತ್ತೆ ಕಸೂತಿ ಹಾಕ್ತಿದ್ರಂತೆ!" ಎಂದು ಅವನ ಹೆಂಡತಿ ಫತೀಹಾ ಸೂಪಿನ ಬಟ್ಟಲು ಇಡುತ್ತ ನಕ್ಕಳು. "ಆ ಮಹಾತಾಯಿ ನನ್ನ ಮದುವೆ ನಿಲುವಂಗಿ ನೋಡಿ, ದಾರ ಕಳಪೆ ಅಂದಿದ್ದು ಮಾತ್ರ ನೆನಪಿದೆ ನನಗೆ." ಆ ಮಖಮಲ್ಲಿನ ಅಂಗಿ ಇನ್ನೂ ಕಪಾಟಿನಲ್ಲಿದೆ. ಅದರ ಎದೆಯ ಮೇಲಿನ ಹಕ್ಕಿಗಳನ್ನು ಯಾರು ಹೊಲಿದರೆಂದು ಅವನು ಎಂದೂ ಕೇಳಿರಲಿಲ್ಲ.

ಶನಿವಾರ ಬೆಳಿಗ್ಗೆ ಬೇಗನೆ ಹೋಗಿ ಸಿಹೆಮ್‌ಳ ಕೋಣೆಯ ಬಾಗಿಲು ತಟ್ಟಿದ. ವಿದ್ವಾಂಸರು ಇಂಗ್ಲಿಷಿನಲ್ಲಿ ಯಾವುದನ್ನೂ ಖಡಾಖಂಡಿತವಾಗಿ ಹೇಳುವುದಿಲ್ಲ, ‘ಇರಬಹುದು’, ‘ತೋರುತ್ತದೆ’ ಎಂದು ಹದವಾಗಿ ಬರೆಯುತ್ತಾರೆ ಎಂದು ಅವಳೇ ಕಲಿಸಿದ್ದಳು. ಈಗ ಅವನ ಬಾಯಿಂದ ಅಂಥ ಮಾತೇ ಹೊರಟಿತು. "ಆ ದಿನ ಬಹುಶಃ ಏನೋ ತಪ್ಪು ತಿಳಿವಳಿಕೆ ಆಗಿರಬಹುದು. ನನ್ನ ಕಣ್ಣು ವಾಸಿಲಾ ಕಡೆ ಹೋಗಿರೋ ಸಾಧ್ಯತೇನೂ..."

ಸಿಹೆಮ್‌ಳ ಮುಖ ಕೆಂಪಾಯಿತು, ತಪ್ಪು ತನ್ನದೇ ಎಂಬಂತೆ. "ಸಾಕು ಸರ್, ಅರ್ಥವಾಯ್ತು. ನಮ್ಮಪ್ಪನೂ ನಿಮ್ಮ ಶಿಷ್ಯರೇ. ಅವಳ ಅಂಕ ನಾನು ಸರಿಮಾಡ್ತೀನಿ. ಯಾರಿಗೂ ಏನೂ ಹೇಳೋದು ಬೇಡ."

ಅವನು ಹಗುರಾಗಿ ಹೊರಬಂದ. ಹಗುರಾದದ್ದಕ್ಕೇ ನಾಚಿಕೆಯಾಯಿತು, ಆದರೂ ಕ್ಲಾಸಿಗೆ ಹೋಗಿ ತನ್ನ ಜಾಗದಲ್ಲಿ ಕೂತ.

"ಅಂಕ ಹಾಕೋವಾಗ ನನ್ನಿಂದ ಒಂದು ತಪ್ಪಾಗಿತ್ತು," ಎಂದು ಸಿಹೆಮ್ ಬೋರ್ಡಿನ ಕಡೆ ಮುಖಮಾಡಿ ಹೇಳಿದಳು. "ವಾಸಿಲಾ ಪಾಸಾಗಿದ್ದಾಳೆ."

"ಗೈಡಿನ ಕೃಪೆ ಇದ್ರೆ ಸೊನ್ನೆಗೂ ಬಾಲ ಹುಟ್ಟುತ್ತೆ," ಎಂದಿತು ಹಿಂದಿನ ಸಾಲಿನ ಒಂದು ದನಿ.

"ಕೃಪೆ ಸುಮ್ನೆ ಬರುತ್ತಾ? ಹುಡುಗಿ ಚೆನ್ನಾಗಿದ್ದಾಳೆ," ಎಂದಿತು ಇನ್ನೊಂದು. ಅದುಮಿಟ್ಟ ನಗು ಬೆಂಚಿನಿಂದ ಬೆಂಚಿಗೆ ಹರಿಯಿತು. ವಾಸಿಲಾಳ ಕಿವಿಗಳು ಕೆಂಪಾದವು. ಅವಳು ಪೆನ್ನನ್ನೂ ಕಾಗದಗಳನ್ನೂ ಒಂದೊಂದಾಗಿ ಚೀಲಕ್ಕೆ ಹಾಕತೊಡಗಿದಳು.

ಲಖ್ದರ್ ಎದ್ದ. ಕುರ್ಚಿ ಕಿರ್ರೆಂದಿತು. "ಆ ತಾಯಿ ನನ್ನವಳಲ್ಲ," ಎಂದ. ದನಿ ತನ್ನ ಮೇಜನ್ನೇ ದಾಟಲಿಲ್ಲ.

"ಸರ್, ಬೇಡ," ಎಂದಳು ಸಿಹೆಮ್.

"ಆ ತಾಯಿ ನನ್ನವಳಲ್ಲ," ಎಂದು ಅವನು ಪಾಠ ಹೇಳುವ ದನಿಯಲ್ಲಿ ಮತ್ತೆ ಹೇಳಿದ. "ವಾಸಿಲಾಳ ತಾಯಿ. ಹೆಸರು ಖದ್ದೂಜಾ. ನಾನು ಇವಳ ಪತ್ರಿಕೆ ನೋಡಿ ಬರೆದೆ. ನೀವು ಚಪ್ಪಾಳೆ ತಟ್ಟಿದಾಗ ತಟ್ಟಿಸಿಕೊಂಡೆ. ಇವಳನ್ನ ಎಬ್ಬಿಸಿ ನಿಲ್ಲಿಸಿದಾಗ ಸುಮ್ಮನೆ ಕೂತಿದ್ದೆ. ನನಗೆ ಹೆದರಿ ಇವಳು ತಪ್ಪು ಒಪ್ಪಿಕೊಂಡಳು."

ಯಾರೂ ನಗಲಿಲ್ಲ. ತಾಹರ್ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸತೊಡಗಿದ, ಒರೆಸುತ್ತಲೇ ಇದ್ದ. ಹೇಳಿಬಿಟ್ಟರೆ ಎದೆ ತಿಳಿಯಾಗುತ್ತದೆಂದು ಲಖ್ದರ್ ಎಣಿಸಿದ್ದ. ಹುಡುಗಿ ಒಮ್ಮೆ ತನ್ನ ಕಡೆ ನೋಡಿ ತಲೆಯಾಡಿಸಿದರೆ ಸಾಕು ಎಂಬ ಆಸೆಯೂ ಒಳಗೆಲ್ಲೋ ಇತ್ತೆಂದು ಈಗ ಗೊತ್ತಾಯಿತು. ವಾಸಿಲಾ ನೋಡಲಿಲ್ಲ. ಚೀಲದಿಂದ ಪೆನ್ನನ್ನು ಮತ್ತೆ ಹೊರಗೆ ತೆಗೆದಳು.

ಸಿಹೆಮ್ ಗಂಟಲು ಸರಿಮಾಡಿಕೊಂಡು ಬೋರ್ಡಿನ ಮೇಲೆ ಹೊಸ ಪದವೊಂದನ್ನು ಬರೆದಳು. ಸ್ವಂತ ವಾಕ್ಯ ಮಾಡಿರೆಂದಳು. ತಲೆಗಳು ಬಗ್ಗಿದವು. ಲಖ್ದರನೂ ಕೂತು ಪೆನ್ನು ಹಿಡಿದ. ಪಕ್ಕದಲ್ಲಿ ವಾಸಿಲಾ ಬರೆಯುತ್ತಿದ್ದಳು, ಒಂದನೇ ಕ್ಲಾಸಿನ ಮಕ್ಕಳ ಹಾಗೆ, ಹಣೆ ಮೇಜಿಗೆ ತಾಗುವಷ್ಟು ಬಗ್ಗಿ, ಎಡತೋಳನ್ನು ಕಾಗದದ ಸುತ್ತ ಬಳಸಿಕೊಂಡು.