ಬರೀ ಮಂಜು

ಟ್ರಾವೆಲ್ಸ್ ಅಂಗಡಿಯ ಬಸವಂತ ಮೇಜಿನ ಮೇಲೆ ಎರಡು ಫೋಟೋ ಇಟ್ಟ. ಜಯನಗರದ ಕಾಂಪ್ಲೆಕ್ಸಿನ ಹಿಂಬದಿಯ ಅಂಗಡಿ ಅದು. ಇಬ್ಬರು ಕೂತರೆ ಮೂರನೆಯವರು ಬಾಗಿಲಲ್ಲೇ ನಿಲ್ಲಬೇಕು. ಶಾಮಣ್ಣ, ಸೀತಮ್ಮ ಒಳಗೆ ಬಂದು ಕೂತದ್ದು ಇದೇ ಮೊದಲು. ಇಷ್ಟು ವರ್ಷ ಎಲ್ಲವನ್ನೂ ಫೋನಿನಲ್ಲೇ ಮುಗಿಸುತ್ತಿದ್ದರು. ಮಗಳ ವೀಲ್‌ಚೇರ್ ಆ ಬಾಗಿಲಲ್ಲಿ ಹಿಡಿಸುತ್ತಿರಲಿಲ್ಲ.

“ಕುದುರೆಮುಖದಾಗ ಎರಡೇ ಖಾಲಿ ಅದಾವ್ರಿ ಅಂಕಲ್. ಇದು ಗುಡ್ಡದ ಮ್ಯಾಲಿನ ಬಂಗ್ಲೆ. ಜೀಪು ಅರ್ಧಕ್ಕ ನಿಲ್ತೈತಿ, ಆಮ್ಯಾಲೆ ಮೆಟ್ಟಿಲು. ಇದು ಕೆಳಗ, ರೋಡಿನ ಪಕ್ಕದ್ದು. ನನ್ನ ಕೇಳಿದ್ರ ಮ್ಯಾಲಿಂದು ತಗೋರಿ. ಕೆಳಗಿಂದು ನನ್ನ ಬಿಟಿಎಂ ರೂಮ್ ಇದ್ದಂಗ, ಕಿಟಕಿ ತೆಗೆದ್ರ ಗ್ವಾಡಿ!”

ಶಾಮಣ್ಣ ನಕ್ಕರು. “ಈಗ ಯಾವುದಾದ್ರೂ ಆಗತ್ತಪ್ಪ. ನಾಳೆ ಹೇಳ್ತೀವಿ.”

ಸೀತಮ್ಮನಿಗೆ ಅಲ್ಲಿಂದಾಚೆ ಯಾವ ಮಾತೂ ಕಿವಿಗೆ ಬೀಳಲಿಲ್ಲ. ಯಾವುದಾದ್ರೂ ಆಗತ್ತಂತೆ! ಇಪ್ಪತ್ತು ವರ್ಷ ಈ ಮನುಷ್ಯ ಯಾವ ಲಾಡ್ಜಿಗೆ ಫೋನ್ ಮಾಡಿದರೂ ಊಟ, ಬಿಸಿನೀರು ವಿಚಾರಿಸುವ ಮೊದಲು ಮೆಟ್ಟಿಲು ವಿಚಾರಿಸುತ್ತಿದ್ದರು. ಬಚ್ಚಲ ಬಾಗಿಲು ಎಷ್ಟಗಲ ಎಂದು ಅಳೆಸಿ ಹೇಳಿಸಿಕೊಳ್ಳುತ್ತಿದ್ದರು. ಊಟಿಯಾಗಲಿ, ಕೆಮ್ಮಣ್ಣುಗುಂಡಿಯಾಗಲಿ, ಅವರಿಗೆ ಸಿಗುತ್ತಿದ್ದದ್ದು ತಗ್ಗಿನ ಕೋಣೆಯೇ. ಗುಡ್ಡದ ತುದಿಗೆ ಶಾಮಣ್ಣ ಒಬ್ಬರೇ ಹತ್ತಿ ಬರುತ್ತಿದ್ದರು. ಹಳದಿ ಛತ್ರಿ ಬಿಚ್ಚಿಕೊಂಡ ಮಗಳು ಶ್ವೇತಾಳ ಪಕ್ಕದಲ್ಲಿ ಸೀತಮ್ಮ ರಸ್ತೆಯ ಬದಿಯಲ್ಲಿ ಕೂತಿರುತ್ತಿದ್ದರು.

“ಏನ್ ಕಾಣಿಸ್ತಪ್ಪ?” ಎಂದು ಮಗಳು ಕೇಳುತ್ತಿದ್ದಳು.

“ಏನಿಲ್ಲ ಕಣೇ. ಆಚೆ ಕಡೆ ಬರೀ ಮಂಜು. ಸುಮ್ನೆ ಕಾಲುನೋವು.”

“ನೀನು ಬರೋದು ಮಂಜಿಗೆ ಮೊದಲೇ ಗೊತ್ತಾಗ್ಬಿಡತ್ತೆ ಅಪ್ಪ. ಸಾಲ ತಗೊಂಡೋರನ್ನ ಕಂಡ ಹಾಗೆ ಎದ್ದು ಬರತ್ತೆ.” ಮೂವರೂ ನಗುತ್ತಿದ್ದರು. ಮುಂದಿನ ಸಲ ನೀನು ಹೋಗು ಎಂದು ಗಂಡ ಹೇಳಿದಾಗಲೆಲ್ಲ ಸೀತಮ್ಮ, ಮಂಜು ನೋಡೋಕೆ ಅಷ್ಟು ದೂರ ಯಾಕೆ ಎಂದು ಕೂತಲ್ಲೇ ಕೂರುತ್ತಿದ್ದರು.

ಹೋದ ವರ್ಷ ಮಳೆಗಾಲದ ಕೊನೆಗೆ ಶ್ವೇತಾಳ ನೆಗಡಿ ಎದೆಗಿಳಿಯಿತು. ಆಸ್ಪತ್ರೆಯಿಂದ ಅವಳು ವಾಪಸು ಬರಲಿಲ್ಲ. ವರ್ಷದ ಕಾರ್ಯ ಮುಗಿದ ಮೇಲೆ, ನಾಲ್ಕು ದಿನ ಎಲ್ಲಾದರೂ ಹೋಗಿ ಬನ್ನಿ ಎಂದು ಗಿರಿನಗರದ ನಾದಿನಿ ಬೆನ್ನು ಹತ್ತಿದ್ದಳು.

ಇಬ್ಬರೂ ಮನೆಗೆ ಮರಳಿದರು. ಗೇಟು ತೆಗೆದು, ವೀಲ್‌ಚೇರಿಗೆಂದು ಮೆಟ್ಟಿಲ ಮೇಲೆ ಹಾಸಿದ್ದ ಹಲಗೆಯ ಹತ್ತಿರ ಬಂದಾಗ ಸೀತಮ್ಮನಿಗೆ ತಡೆಯಲಾಗಲಿಲ್ಲ.

“ಭಾರ ಇಳೀತು ಅಂತ ಆ ಹುಡುಗನ ಹತ್ರಾನೂ ಹೇಳ್ಬಿಟ್ರಲ್ಲ.”

ಶಾಮಣ್ಣ ಹಲಗೆಯ ಅಂಚಿನಲ್ಲಿ ಕೂತು ಚಪ್ಪಲಿ ಬಿಚ್ಚಿದರು. ಬಿಚ್ಚಿದ ಚಪ್ಪಲಿಗಳನ್ನು ಜೋಡಿಸಿದರು, ಮತ್ತೆ ಜೋಡಿಸಿದರು.

“ಮೇಲಿನ ಬಂಗ್ಲೆ ಬೇಡ ಸೀತಾ. ಅಲ್ಲೇ ಹೇಳ್ಬೇಕಿತ್ತು. ಬಾಯಿ ಬರ್ಲಿಲ್ಲ.”

“ಯಾಕೆ? ಮಂಜಿರತ್ತಾ?” ಎಂದು ಸೀತಮ್ಮ ಚುಚ್ಚಿದರು.

“ಯಾವತ್ತೂ ಇರ್ಲಿಲ್ಲ.”

“ಏನು?”

“ಮಂಜು. ಒಂದು ಸಲಾನೂ ಇರ್ಲಿಲ್ಲ. ಚೆನ್ನಾಗಿ ಬಿಸಿಲಿರ್ತಿತ್ತು. ಪಕ್ಕದವರೆಲ್ಲ ಅದು ನೋಡಿ, ಇದು ನೋಡಿ ಅಂತ ಕೂಗ್ತಿದ್ರು. ನಾನು ಈ ಕಡೆ ತಿರುಗಿ ಅವಳ ಛತ್ರಿ ಹುಡುಕ್ತಿದ್ದೆ. ಸಿಕ್ಕಿದ ಮೇಲೆ ಇಳೀತಿದ್ದೆ. ಈಗ ಅಲ್ಲಿ ಹೋಗಿ ನಿಂತು ಕೆಳಗೆ ಏನು ನೋಡ್ಲಿ, ಹೇಳು?”

ಸೀತಮ್ಮ ಹಲಗೆಯ ಇನ್ನೊಂದು ತುದಿಯಲ್ಲಿ ಕೂತರು. ಕಾಯುತ್ತಾ ಕೂತಾಗ ಶ್ವೇತಾ ಹೇಳುತ್ತಿದ್ದದ್ದು ನೆನಪಾಯಿತು: “ಅಮ್ಮ, ಅಪ್ಪ ಈಗ ಬಂದು ಮಂಜು ಅಂತಾನೆ. ನೀನು ಏನೂ ಕೇಳಕ್ಕೆ ಹೋಗ್ಬೇಡ.” ಹಾಗೆಂದು ಛತ್ರಿಯನ್ನು ಎತ್ತಿ ಹಿಡಿದು ನಿಧಾನ ತಿರುಗಿಸುತ್ತಿದ್ದಳು. ಕೈ ನೋಯತ್ತೆ, ಇಳಿಸು ಎಂದರೂ ಕೇಳುತ್ತಿರಲಿಲ್ಲ. ಅಪ್ಪನ ಅದೃಷ್ಟವನ್ನು ಆಡಿಕೊಳ್ಳುತ್ತಿದ್ದಾಳೆ ಎಂದುಕೊಂಡಿದ್ದರು ಸೀತಮ್ಮ.

ಹೇಳಲೆಂದು ಬಾಯಿ ತೆರೆದು ಗಂಡನ ಮುಖ ನೋಡಿದರು. ಎದ್ದರು.

ಒಳಗೆ ಹೋಗಿ ಬಸವಂತನಿಗೆ ಫೋನ್ ಮಾಡಿದರು. “ಕೆಳಗಿನದೇ ಇರ್ಲಿಪ್ಪ.”

“ಆಂಟಿ, ಅಲ್ಲಿಂದ ಏನೂ ಕಾಣಂಗಿಲ್ರಿ. ಮ್ಯಾಲೆ ಈಗ ಒಂದ್ ಚೂರು ಮೋಡ ಇಲ್ಲ, ಮಸ್ತ್ ಐತಿ. ಆಮ್ಯಾಲೆ ನನ್ನ ಬೈಬ್ಯಾಡ್ರಿ ಮತ್ತ.”

“ಬೈಯಲ್ಲಪ್ಪ.”

ರಿಸೀವರ್ ಇಟ್ಟರು. ಹೊರಗಿನಿಂದ ಶಾಮಣ್ಣ ಕೇಳಿದರು: “ಏನಂದ?”

“ಮೇಲೆ ಬರೀ ಮಂಜಂತೆ,” ಎಂದರು ಸೀತಮ್ಮ.

ಶಾಮಣ್ಣ ಹೂಂ ಎಂದರು.