ಕೇಣಿಯ ಪಾಳಿ

ಬಾಯಿ ಬಿಡದೆ ಸಂಬಳ ಸಿಗುವ ಕೆಲಸ ಲೋಕದಲ್ಲಿ ಒಂದೇ ಒಂದು ಇದ್ದರೆ ಅದು ತನ್ನ ಪಾಲಿಗೇ ಬಂತು ಎಂದು ನೀತಾ ಮೊದಲ ದಿನಗಳಲ್ಲಿ ಹಿಗ್ಗಿದ್ದಳು. ಕಾರವಾರದ ಕೋಡಿಬಾಗದಲ್ಲಿ, ಬ್ಯಾಟರಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವಳ ಆಫೀಸು. ಮಾಲೀಕ, ಅವರ್ಸಾದ ರೂಪೇಶ, ಅಲ್ಲಿಂದ ದೋಣಿಯವರಿಗೆ ಲೈಫ್ ಜಾಕೆಟ್ ಮಾರುತ್ತಿದ್ದ. ಬಂದರು ಬಂದರು ಸುತ್ತಿ ಮಾರುವ ಕಾಲ ಮುಗಿಯಿತು ಎಂಬುದು ಅವನ ನಂಬಿಕೆ. ಸಬ್ಸಿಡಿ ಅರ್ಜಿಯ ದೆಸೆಯಿಂದ ಈಗ ಪುಟ್ಟ ಪಾತಿ ದೋಣಿಯವನ ಮೊಬೈಲಿನಲ್ಲೂ ಒಂದು ಇಮೇಲ್ ಇರುತ್ತದೆ. ಗೋವಾದಿಂದ ಮಲ್ಪೆಯವರೆಗಿನ ಅಂಥ ವಿಳಾಸಗಳನ್ನೆಲ್ಲ ಅವನು ಗುಡ್ಡೆ ಹಾಕಿಟ್ಟಿದ್ದ.

ಅವಕ್ಕೆ ಪತ್ರ ಬರೆದು ಸರದಿಯಲ್ಲಿ ನಿಲ್ಲಿಸುವುದು ನೀತಾಳ ಕೆಲಸ. ದಿನಕ್ಕೆ ಇಷ್ಟೇ ಎಂಬ ಮಿತಿಯಿತ್ತು. ಮೀರಿದರೆ ಎಲ್ಲವೂ ಓದುವವರ ಕಣ್ಣಿಗೆ ಬೀಳದೆ ಸ್ಪ್ಯಾಮಿನ ಗುಂಡಿಗೆ ಹೋಗುತ್ತಿದ್ದವು. ಹಾಗಾಗಿ ಯಾರು ಮೊದಲು, ಯಾರು ಆಮೇಲೆ ಎಂಬ ವಿಚಾರವೇ ಕೆಲಸದ ಜೀವಾಳ. ಮೀನುಗಾರಿಕೆಯ ಮಳೆಗಾಲದ ನಿಷೇಧ ಮುಗಿಯುವ ಮುಂಚೆ ಅವಳು ದೊಡ್ಡ ಬೋಟುಗಳ ಮಲ್ಪೆ, ಹೊನ್ನಾವರಗಳನ್ನು ಮುಂದಿಟ್ಟಳು. ಅಂಕೋಲೆ ಕಡೆಯ ಸಣ್ಣ ದೋಣಿಗಳನ್ನು ನೂಲ ಹುಣ್ಣಿಮೆಯ ಮಾರನೆಯ ದಿನಕ್ಕೆ ತಳ್ಳಿದಳು. ಅವಳು ಅದೇ ಅಂಕೋಲೆ ಕಡೆಯ ಕೇಣಿಯ ದೋಣಿ ಮನೆತನದವಳು. ಹುಣ್ಣಿಮೆಯಂದು ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟ ಮೇಲೇ ದೋಣಿ ನೀರಿಗಿಳಿಯುತ್ತದೆ, ಅದಕ್ಕೂ ಮೊದಲು ಯಾರೂ ಹೊಸ ಹಗ್ಗವನ್ನೂ ಕೊಳ್ಳುವುದಿಲ್ಲ ಎಂಬುದನ್ನು ಅಜ್ಜನ ಕಾಲದಿಂದ ನೋಡಿ ಬಲ್ಲವಳು. ಊರಿನ ಹುಡುಗಿಯನ್ನು ಕೆಲಸಕ್ಕಿಟ್ಟುಕೊಂಡರೆ ಇದೇ ಲಾಭ ಎಂದು ರೂಪೇಶ ಹೊಗಳಿದ್ದ. ಆ ಸಂಜೆ ಅವಳು ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಒಬ್ಬಳೇ ನಗುತ್ತ ಊರಿಗೆ ಬಂದಿದ್ದಳು.

ಆದರೆ ಈ ವರ್ಷ ಅಧಿಕ ಮಾಸ ಬಿದ್ದಿತ್ತು. ಹುಣ್ಣಿಮೆ ಆಗಸ್ಟಿನ ಕೊನೆಗೆ ಜರುಗಿತ್ತು. ಕ್ಯಾಲೆಂಡರ್ ನೋಡಿಯೇ ತಾರೀಖು ಹಾಕಿದ ನೀತಾಳಿಗೆ, ಎರಡು ತಿಂಗಳು ಒಲೆ ತಣ್ಣಗಿಟ್ಟುಕೊಂಡವರು ಮತ್ತೊಂದು ತಿಂಗಳು ಚಂದ್ರನ ದಾರಿ ಕಾಯುವುದಿಲ್ಲ ಎಂಬುದು ಹೊಳೆಯಲಿಲ್ಲ. ನಿಷೇಧ ಮುಗಿದ ವಾರದಲ್ಲೇ ಕೇಣಿಯವರು ದಡದಲ್ಲೊಂದು ಕಾಯಿ ಒಡೆದು, ಹುಣ್ಣಿಮೆಯ ಪೂಜೆ ಹುಣ್ಣಿಮೆಗೇ ಮಾಡುತ್ತೇವೆ ಎಂದು ಸಮುದ್ರಕ್ಕೆ ಕೈಮುಗಿದು ಹೊರಟುಬಿಟ್ಟರು. ಅವರಲ್ಲಿ ಮಂಗೇಶನ ದೋಣಿ, ಹೊಳೆ ಸಮುದ್ರ ಸೇರುವ ಅಳಿವೆಯ ಬಾಯಲ್ಲೇ ಮಗುಚಿತು. ಅವನ ತಮ್ಮ ಆಶಿಷ ಈಜಿ ದಡ ಸೇರಿದ. ಮಂಗೇಶ ಮರುದಿನ ಬೇಲೇಕೇರಿಯ ಕಡೆ ಹೆಣವಾಗಿ ಸಿಕ್ಕಿದ.

ಮಂಗೇಶನ ಹೆಂಡತಿ ಹೀರಾ, ನೀತಾಳ ಜೊತೆ ಶಾಲೆಗೆ ಹೋದವಳು, ಎರಡು ಮನೆ ಆಚೆಯವಳು. ನೀತಾ ಹೋಗಿ ಬಾಗಿಲ ಬದಿಗೆ ಕೂತು ಬಂದಳು. ತಾನು ಹಾಕಿದ ತಾರೀಖಿನ ವಿಷಯ ಎತ್ತಲಿಲ್ಲ.

ಮೂರನೆಯ ದಿನ ಅವಳು ಆಫೀಸಿಗೆ ಬಂದಾಗ ರೂಪೇಶ ಪೇಪರು ಮಡಚಿಟ್ಟುಕೊಂಡು ಕಾಯುತ್ತಿದ್ದ. ಪಾಪ, ಎಂದ. ನಿಜವಾಗಿಯೂ ಅವನ ಮುಖ ಬಾಡಿತ್ತು. ಆಮೇಲೆ ಕುರ್ಚಿಯನ್ನು ಅವಳ ಮೇಜಿನ ಹತ್ತಿರ ಎಳೆದುಕೊಂಡ. ಮಲ್ಪೆಯ ಉಳಿದ ಪತ್ರಗಳನ್ನು ಹಿಂದೆ ಹಾಕಬೇಕು, ಕೇಣಿ, ಅವರ್ಸಾ, ಬೇಲೇಕೇರಿ ನಾಳೆ ಬೆಳಿಗ್ಗೆಯೇ ಹೋಗಬೇಕು, ಮೇಲಿನ ಸಾಲಿನಲ್ಲಿ ಕೇಣಿಯ ದುರಂತದ ಹೆಸರಿರಬೇಕು ಎಂದು ವಿವರಿಸಿದ.

ನೀತಾ ಮೌಸಿನಿಂದ ಕೈ ತೆಗೆದಳು.

"ಎಂತಾ, ಆಗೂದಿಲ್ವಾ?"

"ಇನ್ನೂ ಸೂತಕ ಕಳೀಲಿಲ್ಲ," ಎಂದಳು. ಆ ಆಫೀಸಿನಲ್ಲಿ ಅವಳು ಎದುರಾಡಿದ್ದು ಅದೇ ಮೊದಲು.

"ಸೂತಕ ಕಳ್ದ ಮೇಲೆ ಹೆದ್ರಿಕೆನೂ ಕಳೀತದೆ ಮಾರಾಯ್ತಿ. ಹೆದ್ರಿಕೆ ಇದ್ದಾಗ್ಲೇ ತಕಂಡ್ರೆ ನಾಕು ಜೀವ ಉಳೀತದೆ. ನಾ ಎಂತ ವಿಷ ಮಾರ್ತೇನೆ?"

ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಮಂಗೇಶನ ಹೆಸರಿನ ಇಮೇಲ್ ಹೀರಾಳ ಮೊಬೈಲಿನಲ್ಲಿದೆ ಎಂದಷ್ಟೇ ಹೇಳಿದಳು. ರೂಪೇಶ ನಾಲಿಗೆ ಕಚ್ಚಿಕೊಂಡ. ಆ ಒಂದನ್ನು ತೆಗೆದುಬಿಡು, ಉಳಿದವು ಹೋಗಲಿ ಎಂದ. ಇದಕ್ಕಿಂತ ಹೆಚ್ಚು ಅವನಿಂದ ಬಯಸುವಂತಿರಲಿಲ್ಲ.

ಒಂದೊಂದೇ ಊರನ್ನು ಮೇಲಕ್ಕೆ ಎಳೆಯುತ್ತ ಅವಳು ಮಂಗೇಶನ ಪತ್ರಕ್ಕೆ ಬಂದು ನಿಂತಳು. ಅದರ ಎದುರು ಹುಣ್ಣಿಮೆಯ ಮಾರನೆಯ ತಾರೀಖು ಇನ್ನೂ ಹಾಗೇ ಇತ್ತು. ಅಳಿಸಿದಳು. ಸದ್ಯ, ಹೀರಾಳ ಕಣ್ಣಿಗೆ ಇದು ಬೀಳಲಿಲ್ಲವಲ್ಲ ಎಂದು ಉಸಿರು ಬಿಟ್ಟಳು. ಬದುಕಿನಲ್ಲಿ ಅವಳಿಗೆ ಬೇಕಾಗಿದ್ದದ್ದು ಆ ಹೊತ್ತಿಗೆ ಅದೊಂದೇ.

ಮರುದಿನ ಸಂಜೆ ಬಸ್ಸಿಳಿದು ಬರುವಾಗ ಹೀರಾಳ ಮನೆಯಿಂದ ಅವಳನ್ನು ಕೂಗಿ ಕರೆದರು. ಒಳಗೆ ಪಕ್ಕದ ಮನೆಯ ದುರ್ಗಿ ಗಂಡನ ಮೊಬೈಲು ಹಿಡಿದು ನಿಂತಿದ್ದಳು. ನೀತಾಳಿಗೆ ಎಲ್ಲ ತಿಳಿದುಹೋಯಿತು. ಊರಿಗೆಲ್ಲ ಬಂದ ಪತ್ರ ಒಂದು ಮನೆಗೆ ಬಾರದಿದ್ದರೆ ಅದನ್ನು ಒಯ್ದು ತೋರಿಸುವ ಕೈ ಕೇಣಿಯಲ್ಲಿ ಇದ್ದೇ ಇರುತ್ತದೆ, ಇದು ಮಾತ್ರ ಅವಳಿಗೆ ನಿನ್ನೆ ನೆನಪಾಗಿರಲಿಲ್ಲ.

ಹೀರಾ ಗೋಡೆಗೆ ಒರಗಿದ್ದಳು. "ಇದು ನೀ ಬರ್ದದ್ದೇ?" ಎಂದು ಕೇಳಿದಳು.

ನೀತಾ ಹೌದೆಂದು ತಲೆಯಾಡಿಸಿದಳು.

"ಈ ಜಾಕೀಟು ಈಗ ಬಂದದ್ದೋ, ಮೊದ್ಲೇ ಇತ್ತೋ?"

ಈಗ ಬಂದದ್ದು ಎಂದರೆ ಮುಗಿಯುತ್ತಿತ್ತು. ದುರ್ಗಿಯೂ ಅದನ್ನೇ ಹೇಳು ಎಂಬಂತೆ ಕಣ್ಣು ಮಾಡಿದಳು. ಜನ್ಮವಿಡೀ ಮಾತು ನುಂಗಿ ಬದುಕಿದ ನೀತಾಳಿಗೆ ಆವತ್ತು ನಿಜವೊಂದನ್ನು ಮಾತ್ರ ನುಂಗಲಾಗಲಿಲ್ಲ.

"ಮೊದ್ಲೇ ಇತ್ತು. ಮಲ್ಪೆಯವ್ರಿಗೆ ಮುಂದೆ ಹಾಕ್ದೆ. ನಮ್ಮೂರಿಗೆ ಹುಣ್ಣಿಮೆ ಮೇಲೆ ಇಟ್ಟಿದ್ದೆ. ಹುಣ್ಣಿಮೆ ಮೊದ್ಲು ಯಾರೂ ಇಳೀದಿಲ್ಲ ಅಂದ್ಕಂಡೆ."

"ಎರಡು ಮನೆ ಆಚೆ ಇದ್ದೆ, ನೀತಾ," ಎಂದಳು ಹೀರಾ. "ಪತ್ರ ಯಾಕೆ ಬೇಕಾಗಿತ್ತು ಗೋ? ಹಿತ್ಲಲ್ಲಿ ನಿಂತು ಕೂಗಿದ್ರೆ ಕೇಳ್ತಿತ್ತು."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಸಹಿಸಬಹುದಿತ್ತು. ನೀತಾ ಹೊಸ್ತಿಲ ಕಡೆ ಸರಿದಳು. ಆಗ ಹೀರಾ ಹಿಂದಿನಿಂದ, ಸೂತಕ ಕಳೆದ ಮೇಲೆ ಆಶಿಷ ಅದೇ ದೋಣಿ ಇಳಿಸುತ್ತಾನಂತೆ, ಎಷ್ಟು ಹೇಳಿದರೂ ಕೇಳುವುದಿಲ್ಲ, ಅವನಿಗೊಂದು ಜಾಕೀಟು ಬೇಕು ಎಂದಳು.

"ನಾಳೆನೇ ತರ್ತೇನೆ," ಎಂದಳು ನೀತಾ.

"ನೀ ತರೂದು ಬೇಡ. ದುರ್ಗಿ ಹತ್ರ ಕೊಟ್ಟು ಕಳ್ಸು."

ದುರ್ಗಿ ಮೊಬೈಲನ್ನು ಸೆರಗಿನಲ್ಲಿ ಮುಚ್ಚಿಕೊಂಡು, ನೀತಾಳಿಗೆ ಹೊರಗೆ ಹೋಗಲು ದಾರಿ ಬಿಟ್ಟಳು.